ಭಾನುವಾರ ಲ್ಯಾಪ್‌ಟಾಪ್ ಮುಟ್ಟಬೇಡಿ: ಚರ್ಚ್ ಸಂಗೀತಕ್ಕೆ ಸಾಫ್ಟ್‌ವೇರ್ ಸಿಂತ್ ಸಿದ್ಧ ಮಾಡುವ ಬಗೆ

ಪಾಪ ಅರಿಕೆಯ ಪ್ರಾರ್ಥನೆ ನಡೆಯುತ್ತಿತ್ತು. ಇಡೀ ಸಭೆ ತಲೆ ತಗ್ಗಿಸಿ ಸುಮ್ಮನೆ ನಿಂತಿತ್ತು. ಆಗ ದೊಡ್ಡ ಸ್ಪೀಕರಿನಿಂದ ‘ಟಿಂಗ್’ ಅಂತ ಒಂದು ಸದ್ದು. ಎರಡು ಸೆಕೆಂಡ್ ಬಿಟ್ಟು ಇನ್ನೊಂದು. ನನ್ನ ಲ್ಯಾಪ್‌ಟಾಪಿಗೆ ಯಾರೋ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸಿದ್ದರು. ಕ್ವಾಯರಿನ ಆಂಟಿಯೊಬ್ಬರು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಲೆ ತಿರುಗಿಸಿದರು. ಕಣ್ಣು ಬಿಟ್ಟು ನೋಡಿದ್ದರೂ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಆವತ್ತಿನಿಂದ ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಲ್ಯಾಪ್‌ಟಾಪಿನ ಕೆಲಸವೆಲ್ಲ ಶನಿವಾರವೇ ಮುಗಿಯಬೇಕು. ಭಾನುವಾರ ಕೈ ಕೀಬೋರ್ಡಿನ ಮೇಲೆ, ಕಾಲು ಪೆಡಲಿನ ಮೇಲೆ, ಕಣ್ಣು ಅಯ್ಯನವರ (ಪಾದ್ರಿಯ) ಮೇಲೆ. ಮೌಸ್ ಬ್ಯಾಗಿನಲ್ಲೇ ಇರಲಿ. ಮುಂದೆ ಹೇಳುವುದೆಲ್ಲ ಆ ಸ್ಥಿತಿಗೆ ಬರುವ ದಾರಿ.

ಬೆಂಗಳೂರಿನ ಎಷ್ಟೋ ಸಭೆಗಳಲ್ಲಿ ಒಂದು ಯಮಾಹಾ ಪಿಎಸ್‌ಆರ್ ಅಥವಾ ರೋಲ್ಯಾಂಡ್ ಎಕ್ಸ್‌ಪಿಎಸ್-10 ಇರುತ್ತದೆ. ಕ್ವಾಯರಿನಲ್ಲಿ ಒಬ್ಬರಾದರೂ ಸಾಫ್ಟ್‌ವೇರ್ ಕೆಲಸದವರು ಇರುತ್ತಾರೆ, ಅವರ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಧೂಳು ತಿನ್ನುತ್ತಿರುತ್ತದೆ. ಈ ಎರಡನ್ನೂ ಜೋಡಿಸಿ, ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಸಿಂತ್, ಅಂದರೆ ವಾದ್ಯದ ಸದ್ದು ಹುಟ್ಟಿಸುವ ಪ್ರೋಗ್ರಾಮ್ ಹಾಕಿದರೆ ಲಕ್ಷಗಟ್ಟಲೆ ಬೆಲೆಯ ಕೀಬೋರ್ಡಿನ ಹತ್ತಿರ ಬರುವ ಪಿಯಾನೋ, ಆರ್ಗನ್, ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಮೆತ್ತಗಿನ ಸದ್ದು) ಸಿಗುತ್ತದೆ. ಆದರೆ ಈಗಿರುವ ಕೀಬೋರ್ಡಿನ ಸದ್ದೇ ಸಭೆಗೆ ಚೆನ್ನಾಗಿ ಒಪ್ಪಿದ್ದರೆ ಈ ಗೋಜಿಗೇ ಹೋಗಬೇಡಿ. ಲ್ಯಾಪ್‌ಟಾಪ್ ಬಂದರೆ ಸದ್ದಿನ ಜೊತೆ ನಾಲ್ಕು ವೈರು, ಎರಡು ಚಿಂತೆ ಕೂಡ ಬರುತ್ತವೆ.

ಕೀಬೋರ್ಡಿನ ಬೆನ್ನು ನೋಡಿ

ಮೊದಲು ಕೀಬೋರ್ಡನ್ನು ತಿರುಗಿಸಿ. ಹಿಂದೆ ಚೌಕಾಕಾರದ ಯುಎಸ್‌ಬಿ ಕಿಂಡಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರಿಂಟರಿಗೆ ಹಾಕುವ ಕೇಬಲ್ಲೇ ಅದಕ್ಕೂ ಸಾಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಿ ‘ಪ್ರಿಂಟರ್ ಕೇಬಲ್’ ಅಂತ ಕೇಳಿದರೂ ಕೊಡುತ್ತಾರೆ. ಎರಡು ತನ್ನಿ. ಕೇಬಲ್ ಕೈಕೊಡುವುದು ಯಾವಾಗಲೂ ಭಾನುವಾರ ಬೆಳಗ್ಗೆ, ಎಸ್‌ಪಿ ರೋಡ್ ಬಾಗಿಲು ಹಾಕಿರುವ ಹೊತ್ತಿನಲ್ಲೇ. ಉದ್ದ 5 ಮೀಟರ್ ದಾಟದಿರಲಿ, 2 ಮೀಟರಿನದಾದರೆ ಇನ್ನೂ ಒಳ್ಳೆಯದು.

ಹಳೆಯ ಕೀಬೋರ್ಡಾದರೆ ದುಂಡಗಿನ, ಐದು ತೂತಿನ ಮಿಡಿ ಕಿಂಡಿ ಇರುತ್ತದೆ (ವಾದ್ಯಗಳು ಒಂದಕ್ಕೊಂದು ಸುದ್ದಿ ಕಳಿಸುವ ಪದ್ಧತಿಯೇ ಮಿಡಿ). ಅದಕ್ಕೆ ಮಿಡಿಯಿಂದ ಯುಎಸ್‌ಬಿಗೆ ಬದಲಿಸುವ ಚಿಕ್ಕ ಇಂಟರ್‌ಫೇಸ್ ಬೇಕು. ಮಿಡಿ ಬಳಕೆಗೆ ಬಂದದ್ದು 1983ರಲ್ಲಿ. ಆ ಕಾಲದ ಕೀಬೋರ್ಡ್ ಕೂಡ ಇವತ್ತಿನ ಲ್ಯಾಪ್‌ಟಾಪಿನ ಜೊತೆ ಮಾತಾಡುತ್ತದೆ ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಒಂದು ವಿಷಯ ಮನಸ್ಸಿನಲ್ಲಿರಲಿ. ಈ ವೈರಿನಲ್ಲಿ ಸದ್ದು ಹರಿಯುವುದಿಲ್ಲ, ಕೈ ಕಾಲಿನ ಸುದ್ದಿ ಮಾತ್ರ ಹೋಗುತ್ತದೆ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಪೆಡಲ್ ಒತ್ತಿದಿರಾ, ಅಷ್ಟೇ. ಜೋರಿನ ಲೆಕ್ಕ 1ರಿಂದ 127ರವರೆಗೆ. ಸದ್ದು ಹುಟ್ಟುವುದು ಲ್ಯಾಪ್‌ಟಾಪಿನಲ್ಲಿ. ಇದು ತಲೆಗೆ ಹೋದರೆ ಮುಂದೆ ಬರುವ ಮುಕ್ಕಾಲು ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ.

ಲ್ಯಾಪ್‌ಟಾಪ್ ಹೇಗಿರಬೇಕು

ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರಲೇಬೇಕು. ರ್‍ಯಾಮ್ 8 ಜಿಬಿ ಇದ್ದರೆ ನಡೆಯುತ್ತದೆ, 16 ಇದ್ದರೆ ಆರಾಮ. ವಿಂಡೋಸ್ ಆದರೂ ಸರಿ, ಮ್ಯಾಕ್ ಆದರೂ ಸರಿ. ಹೊಸದೇ ಬೇಕು ಅಂತಿಲ್ಲ, ಆದರೆ ಫ್ಯಾನ್ ಒಳಗಿನ ಧೂಳು ತೆಗೆಸಿ. ಶುಭ ಶುಕ್ರವಾರದ ಆರಾಧನೆ ಮಧ್ಯಾಹ್ನ 12ರಿಂದ 3ರವರೆಗೆ, ಅದೂ ಬೇಸಿಗೆಯಲ್ಲಿ. ಮೂರು ಗಂಟೆ ಬಿಸಿಯಲ್ಲಿ ಕುಳಿತ ಲ್ಯಾಪ್‌ಟಾಪ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ, ಆಗ ಸದ್ದಿನಲ್ಲಿ ಚಟಚಟ ಶುರುವಾಗುತ್ತದೆ. ಕೆಳಗೆ ಎರಡು ಹಳೆಯ ಸಂಗೀತ ಪುಸ್ತಕ ಇಟ್ಟು ಗಾಳಿ ಆಡುವಂತೆ ಮಾಡಿದರೂ ಎಷ್ಟೋ ವಾಸಿ.

ಆಮೇಲೆ ಇದನ್ನು ಬರೀ ಸಂಗೀತದ ಯಂತ್ರ ಮಾಡಿಬಿಡಿ. ವೈಫೈ, ಬ್ಲೂಟೂತ್ ಆಫ್. ಮೆಸೇಜ್ ಆಪ್‌ಗಳನ್ನು ತೆಗೆದೇ ಹಾಕಿ (ಯಾಕೆ ಅಂತ ಗೊತ್ತಲ್ಲ). ಸಿಸ್ಟಮ್ ಸೌಂಡ್, ನೋಟಿಫಿಕೇಶನ್, ಸ್ಕ್ರೀನ್ ಸೇವರ್, ಸ್ಲೀಪ್ ಎಲ್ಲ ಬಂದ್. ಅಪ್‌ಡೇಟನ್ನು ತಡೆಹಿಡಿದು, ಮನೆಯಲ್ಲಿ ವಾರದ ನಡುವೆ ನೀವೇ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಪವರ್ ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ ಇರಲಿ, ಅದರೊಳಗೆ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಅರ್ಧ ಗಂಟೆಯ ಪ್ರಸಂಗ ಮುಗಿಯುವಷ್ಟರಲ್ಲಿ ಕೀಬೋರ್ಡಿನ ಯುಎಸ್‌ಬಿ ನಿದ್ದೆ ಹೋಗಿರುತ್ತದೆ. ಸಭೆಯಲ್ಲಿ ಹಾಗೆ ಮಲಗುವವರು ಮೊದಲೇ ಇದ್ದಾರೆ, ಯಂತ್ರವೂ ಸೇರುವುದು ಬೇಡ.

ಇಷ್ಟಾದರೂ ಚಟಚಟ ನಿಲ್ಲದಿದ್ದರೆ ಲೇಟೆನ್ಸಿಮಾನ್ ಅನ್ನುವ ಚಿಕ್ಕ ಪ್ರೋಗ್ರಾಮನ್ನು ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಅಡ್ಡಗಾಲು ಹಾಕುತ್ತಿದೆ ಅಂತ ತೋರಿಸುತ್ತದೆ. ಬಹಳ ಸಲ ವೈಫೈ ಡ್ರೈವರ್ ಸಿಕ್ಕಿಬೀಳುತ್ತದೆ.

ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ಅಂತರ

ಹೊಸಬರು ಸೋಲುವುದು ಇಲ್ಲಿ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಕೈ ತಾಳ ತಪ್ಪುತ್ತದೆ. ಹಾಡುವವರು ಕೀಬೋರ್ಡ್ ಎಳೆಯುತ್ತಿದೆ ಅನ್ನುತ್ತಾರೆ, ಡ್ರಮ್ಮರ್ ಹಾಡುವವರು ಎಳೆಯುತ್ತಿದ್ದಾರೆ ಅನ್ನುತ್ತಾನೆ.

ತಡ ಎಷ್ಟು ಅನ್ನುವುದು ಹೆಚ್ಚಾಗಿ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಸಿದ್ಧ ಮಾಡಿ ಕಳಿಸುವ ಸದ್ದಿನ ತುಣುಕಿನ ಗಾತ್ರದ ಮೇಲೆ ನಿಂತಿದೆ. ಲೆಕ್ಕ ಸುಲಭ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಚಿಕ್ಕ ಚಿಕ್ಕ ಅಳತೆ) ಇಟ್ಟುಕೊಂಡರೆ, ಬಫರ್ 128 ಅಂದರೆ ಸುಮಾರು 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ಡ್ರೈವರ್ ಮತ್ತು ಸೌಂಡ್ ಕಾರ್ಡಿನ ಪಾಲು ಇದರ ಮೇಲೆ ಬೇರೆ ಸೇರುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ 256ರಲ್ಲಿ ನುಡಿಸುವುದು ಅಂದರೆ ಸ್ಪೀಕರಿನಿಂದ ಎರಡು ಮೂರು ಮೀಟರ್ ದೂರ ಕುಳಿತು ನುಡಿಸಿದ ಹಾಗೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿನಂಥ ಕಡೆ ಇರುವ ಪೈಪ್ ಆರ್ಗನ್ ನುಡಿಸುವವರಿಗೆ ಇಂಥ ತಡ ಹೊಸದಲ್ಲ. ಕೈ ಹೊಂದಿಕೊಳ್ಳುತ್ತದೆ.

128ರಿಂದ ಶುರು ಮಾಡಿ. ಎರಡೂ ಕೈ, ಪೆಡಲ್ ಒತ್ತಿಹಿಡಿದು, ಹತ್ತು ಬೆರಳೂ ಬಳಸಿ ಗದ್ದಲ ಮಾಡಿ. ಚಟಚಟ ಬಂದರೆ 256ಕ್ಕೆ ಏರಿಸಿ. 512 ಬೇಕಾಗುತ್ತಿದೆ ಅಂದರೆ ಪ್ಲಗಿನ್ (ಸದ್ದು ಹುಟ್ಟಿಸುವ ಪ್ರೋಗ್ರಾಮ್) ಭಾರ ಜಾಸ್ತಿಯಾಗಿದೆ, ಅಥವಾ ಡ್ರೈವರ್ ಸರಿಯಿಲ್ಲ ಅಂತ ಅರ್ಥ. ಅಂಚಿನಲ್ಲಿ ಓಡಿಸಬೇಡಿ. ಮನೆಯಲ್ಲಿ 128 ಸರಿ ಇದ್ದರೂ ನಾನು ಚರ್ಚಿನಲ್ಲಿ 256 ಇಡುತ್ತೇನೆ. ಎರಡೂವರೆ ಮಿಲಿಸೆಕೆಂಡ್ ಉಳಿಸಲು ಹೋಗಿ ಕಾಣಿಕೆ ಹಾಡಿನ ನಡುವೆ ಪಟ್ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಇದಕ್ಕೆಲ್ಲ ಲ್ಯಾಪ್‌ಟಾಪಿನ ಇಯರ್‌ಫೋನ್ ಕಿಂಡಿ ಸಾಲದು. ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಹೊರಗೆ ಕಳಿಸುವ ಸೌಂಡ್ ಕಾರ್ಡ್ ಪೆಟ್ಟಿಗೆ) ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್, ಬೆಹ್ರಿಂಗರ್ ಯುಎಂಸಿ, ಸ್ಟೈನ್‌ಬರ್ಗ್ ಯುಆರ್ ಸಾಲಿನ ಚಿಕ್ಕ ಪೆಟ್ಟಿಗೆ ಯಾವುದಾದರೂ ನಡೆಯುತ್ತದೆ. ವಿಂಡೋಸ್ ಆದರೆ ಕಂಪನಿಯ ಸ್ವಂತ ಎಎಸ್‌ಐಒ (ತಡ ಕಡಿಮೆ ಮಾಡುವ) ಡ್ರೈವರ್ ಹಾಕಿ. ಎಎಸ್‌ಐಒ4ಆಲ್ ಅನ್ನುವುದು ಮನೆಯಲ್ಲಿ ಕಲಿಯಲು ಪರವಾಗಿಲ್ಲ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಇರುವುದರಿಂದ ಈ ತಲೆನೋವು ಕಡಿಮೆ.

ಹೋಸ್ಟ್, ವಾದ್ಯಗಳು

ಪ್ಲಗಿನ್‌ಗಳನ್ನು ಒಂದೊಂದಾಗಿ ತೆರೆದು ನುಡಿಸುವುದು ಆಗದ ಮಾತು. ಅವೆಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡು, ಒಂದು ಗುಂಡಿ ಒತ್ತಿದರೆ ಮುಂದಿನ ಸದ್ದು ಕೊಡುವ ಹೋಸ್ಟ್ ಬೇಕು. ಮ್ಯಾಕ್ ಇದ್ದರೆ ಮೇನ್‌ಸ್ಟೇಜ್, ಅದರ ಜೊತೆಗೇ ಬೇಕಾದಷ್ಟು ವಾದ್ಯಗಳು ಬರುತ್ತವೆ. ವಿಂಡೋಸ್‌ಗೆ ಕ್ಯಾಂಟಾಬಿಲೆ, ಅದರ ಲೈಟ್ ಆವೃತ್ತಿ ಉಚಿತ. ಗಿಗ್ ಪರ್ಫಾರ್ಮರ್ ಎರಡರಲ್ಲೂ ಓಡುತ್ತದೆ. ರೆಕಾರ್ಡಿಂಗ್‌ಗೆ ಬಳಸುವ ಸಾಫ್ಟ್‌ವೇರಿನಲ್ಲೂ ಇದೆಲ್ಲ ಆಗುತ್ತದೆ, ಆದರೆ ಆ ಪರದೆಯಲ್ಲಿ ಆರಾಧನೆಗೆ ಬೇಡದ ಗುಂಡಿಗಳೇ ತುಂಬಿರುತ್ತವೆ.

ವಾದ್ಯಗಳ ವಿಷಯದಲ್ಲಿ ಆಸೆ ಜಾಸ್ತಿಯಾಗುವುದು ಸಹಜ. ಹಣ ಖರ್ಚು ಮಾಡುವ ಮೊದಲು ಉಚಿತವಾದವನ್ನು ನೋಡಿ. ಸಾಲಮ್ಯಾಂಡರ್ ಗ್ರಾಂಡ್ ಪಿಯಾನೋ ಅನ್ನುವುದು ಯಮಾಹಾ ಸಿ5 ಪಿಯಾನೋವನ್ನು 16 ಹಂತದ ಜೋರಿನಲ್ಲಿ ರೆಕಾರ್ಡ್ ಮಾಡಿದ ಸಂಗ್ರಹ. ಸ್ಫೋರ್ಜಾಂಡೋ ಅನ್ನುವ ಉಚಿತ ಪ್ಲೇಯರಿನಲ್ಲಿ ಓಡುತ್ತದೆ. ಪ್ಯಾಡ್‌ಗಳಿಗೆ ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಸಾಕು. 80ರ ದಶಕದ ಎಲೆಕ್ಟ್ರಿಕ್ ಪಿಯಾನೋ ಬೇಕೆಂದರೆ ಡೆಕ್ಸೆಡ್. ಅದು 1983ರ ಯಮಾಹಾ ಡಿಎಕ್ಸ್7ರ ನಕಲು. ಹಿಮ್ನಲ್ ಹಾಡುವ ಸಭೆಗೆ ಗ್ರಾಂಡ್‌ಆರ್ಗ್ ಎಂಬ ಉಚಿತ ಪೈಪ್ ಆರ್ಗನ್ ಸಾಫ್ಟ್‌ವೇರ್ ಇದೆ. ಇದು ಹೋಸ್ಟಿನ ಒಳಗೆ ಕೂರುವುದಿಲ್ಲ, ತಾನಾಗೇ ಪ್ರತ್ಯೇಕವಾಗಿ ಓಡುತ್ತದೆ, ನೆನಪಿರಲಿ.

ದುಡ್ಡು ಕೊಡುವುದಾದರೆ ನನ್ನ ಓಟು ಪಿಯಾನೋಟೆಕ್‌ಗೆ. ಅದು ರೆಕಾರ್ಡ್ ಮಾಡಿಟ್ಟ ಸದ್ದು ನುಡಿಸುವುದಿಲ್ಲ, ತಂತಿಯ ಕಂಪನವನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಜಾಗವೇ ತಿನ್ನುವುದಿಲ್ಲ, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಕೀಸ್ಕೇಪ್ ಸದ್ದು ಅದ್ಭುತ, ಆದರೆ ಪೂರ್ತಿ ಹಾಕಿಕೊಂಡರೆ 77 ಜಿಬಿ. ಹಳೆಯ ಲ್ಯಾಪ್‌ಟಾಪಿಗೆ ಅದು ಮದುವೆ ಊಟ ಆದ ಮೇಲೆ ಇನ್ನೊಂದು ಎಲೆ ಹಾಕಿದ ಹಾಗೆ.

ಕ್ರ್ಯಾಕ್ ಮಾಡಿದ ಪ್ಲಗಿನ್ ಬೇಡ. ‘ಕದಿಯಬಾರದು’ ಅನ್ನುವುದು ಬಹುತೇಕ ಪ್ರೊಟೆಸ್ಟೆಂಟರ ಲೆಕ್ಕದಲ್ಲಿ ಎಂಟನೆಯ ಆಜ್ಞೆ, ಕಥೋಲಿಕರ ಲೆಕ್ಕದಲ್ಲಿ ಏಳನೆಯದು. ಯಾವ ಲೆಕ್ಕದಲ್ಲಿ ನೋಡಿದರೂ ಪಟ್ಟಿಯಲ್ಲಿದೆ. ದುಡ್ಡು ಕೊಟ್ಟು ತಂದವಕ್ಕೂ ಒಂದು ಪರೀಕ್ಷೆ ಇದೆ. ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಪ್ಲಗಿನ್ ತೆರೆಯಿರಿ. ಕೆಲವು ಇಂಟರ್‌ನೆಟ್ ಇಲ್ಲದೆ ಲೈಸೆನ್ಸ್ ಕೇಳುತ್ತವೆ. ಅದು ಮನೆಯಲ್ಲೇ ಗೊತ್ತಾಗಲಿ.

ನಾಲ್ಕು ಸದ್ದು ಸಾಕು

ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲಿ. ನಾನು ಶುರುವಿನಲ್ಲಿ 40 ಪ್ಯಾಚ್ (ಒಂದೊಂದು ಸದ್ದಿನ ಸಿದ್ಧ ಜೋಡಣೆ) ಮಾಡಿಟ್ಟಿದ್ದೆ. ಬಳಸಿದ್ದು ನಾಲ್ಕೇ. ಪಿಯಾನೋ. ಪಿಯಾನೋ ಜೊತೆ ಮೆತ್ತಗಿನ ಪ್ಯಾಡ್. ಆರ್ಗನ್. ಬರೀ ಪ್ಯಾಡ್.

ಪಿಯಾನೋದಿಂದ ಹೊರಡೋಣ. ಮೊದಲು ಕೀಬೋರ್ಡಿನ ಸ್ಪರ್ಶ ಸರಿಮಾಡಿ. ಪಿಎಸ್‌ಆರ್‌ನಂಥ ಹಗುರ ಕೀಗಳಲ್ಲಿ ಸುಮ್ನೆ ಮುಟ್ಟಿದರೂ ಜೋರಿನ ಸಂಖ್ಯೆ 100 ದಾಟಿಬಿಡಬಹುದು. ಹೋಸ್ಟಿನ ಮಿಡಿ ಮಾನಿಟರ್ ತೆರೆದು, ಪ್ರಾರ್ಥನೆಗೆ ನುಡಿಸುವಷ್ಟು ಮೆಲ್ಲಗೆ ನುಡಿಸಿ ನೋಡಿ. 30, 40ರ ಆಸುಪಾಸು ಬರುತ್ತಿಲ್ಲ ಅಂದರೆ ವೆಲಾಸಿಟಿ ಕರ್ವ್ (ಎಷ್ಟು ಒತ್ತಿದರೆ ಎಷ್ಟು ಜೋರು ಅನ್ನುವ ಸೆಟ್ಟಿಂಗ್) ಬದಲಿಸಿ. ಇದೊಂದು ಮಾಡಿದರೆ ಉಚಿತ ಪಿಯಾನೋ ಕೂಡ ದುಬಾರಿಯಾಗಿ ಕೇಳಿಸುತ್ತದೆ.

ಇನ್ನು ಮೋನೋ ವಿಷಯ. ಬಹುತೇಕ ಚರ್ಚುಗಳಲ್ಲಿ ಎಡ, ಬಲ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸದ್ದು. ಪಿಯಾನೋ ಪ್ಲಗಿನ್ ಮಾತ್ರ ಇಯರ್‌ಫೋನಿಗೆ ಚಂದ ಕಾಣಲಿ ಅಂತ ಸದ್ದನ್ನು ಎಡಬಲಕ್ಕೆ ಹರಡಿರುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಸ್ವರ ಒಂದನ್ನೊಂದು ತಿಂದುಹಾಕಿ ಡಬ್ಬಾ ಬಡಿದ ಹಾಗೆ ಕೇಳಿಸುತ್ತದೆ. ಮನೆಯಲ್ಲೇ ಹೋಸ್ಟಿನ ಔಟ್‌ಪುಟ್ ಮೋನೋ ಮಾಡಿ ಕೇಳಿ. ಟೊಳ್ಳು ಅನ್ನಿಸಿದರೆ ಪ್ಲಗಿನ್ನಿನಲ್ಲಿ ಮೋನೋ ಮೈಕ್ ಆಯ್ಕೆ ಇದೆಯಾ ನೋಡಿ, ಇಲ್ಲದಿದ್ದರೆ ಹರವು ಕಡಿಮೆ ಮಾಡಿ, ಅಥವಾ ಎಡ ಚಾನೆಲ್ ಒಂದನ್ನೇ ಕಳಿಸಿ.

ಪ್ಯಾಡ್‌ಗೆ ಕೆಳಗಿನ ಸದ್ದು ಕತ್ತರಿಸಿ. 150ರಿಂದ 200 ಹರ್ಟ್ಸ್ ಕೆಳಗಿರುವುದೆಲ್ಲ ಹೋಗಲಿ. ಆ ಜಾಗ ಬಾಸ್ ಗಿಟಾರಿನದು, ಗಂಡಸರ ದನಿಯದು. ಪ್ಯಾಡ್‌ನ ಜೋರನ್ನು ಎಕ್ಸ್‌ಪ್ರೆಶನ್ ಪೆಡಲಿಗೆ ಕಟ್ಟಿ, ಮಿಡಿಯಲ್ಲಿ ಅದು ಕಂಟ್ರೋಲ್ ಸಂಖ್ಯೆ 11. ಸ್ವರ ಹಿಡಿದಿಡುವ ಸಸ್ಟೇನ್ ಪೆಡಲ್ ಸಂಖ್ಯೆ 64. ಸಸ್ಟೇನ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ಎತ್ತಿದಾಗ ಹಿಡಿದುಕೊಂಡರೆ, ಬಹುಶಃ ಆನ್ ಮಾಡುವಾಗ ಪೆಡಲ್ ಒತ್ತಿಕೊಂಡಿದ್ದಿರಿ. ಕಾಲು ತೆಗೆದು ಮತ್ತೆ ಆನ್ ಮಾಡಿ.

ನಮ್ಮ ಕನ್ನಡ ಕೀರ್ತನೆಗಳಿಗೆ ಒಂದು ಮಾತು. ರಾಗದ ಮೇಲೆ ಕಟ್ಟಿದ ಹಾಡಿಗೆ ದೊಡ್ಡ ದೊಡ್ಡ ಕಾರ್ಡ್‌ಗಳ ಪ್ಯಾಡ್ ಹಾಸಿದರೆ ಹಾಡು ಉಸಿರುಗಟ್ಟುತ್ತದೆ. ಅಲ್ಲಿ ಪ್ಯಾಡ್‌ನಲ್ಲಿ ಷಡ್ಜ, ಪಂಚಮ ಎರಡೇ ಇರಲಿ. ಗಾಂಧಾರವನ್ನು ಹಾಡುವವರಿಗೆ ಬಿಟ್ಟುಬಿಡಿ. ತಂಬೂರಿ ಮಾಡುವ ಕೆಲಸವೂ ಅದೇ ಅಲ್ವಾ? ಪಂಚಮ ಬಾರದ ರಾಗವಾದರೆ ಬರೀ ಷಡ್ಜ ಸಾಕು. ಇದಕ್ಕಾಗಿ ಬೇರೆ ಪ್ಯಾಚ್ ಬೇಡ, ನಾಲ್ಕನೆಯದರಲ್ಲೇ ಎರಡು ಬೆರಳಿಟ್ಟರೆ ಆಯಿತು.

ಕೆಲವು ಸಭೆಗಳಲ್ಲಿ ಹಾರ್ಮೋನಿಯಂ ಇನ್ನೂ ಇದೆ. ಇರಲಿ, ಒಳ್ಳೆಯದು. ಆದರೆ ಅದರ ಎ ಸ್ವರ 440 ಹರ್ಟ್ಸ್‌ಗೆ ಸರಿಯಾಗಿ ಕೂತಿರುವುದು ಅಪರೂಪ. ಹಾರ್ಮೋನಿಯಂನ ರೀಡ್ ಅಲ್ಲೇ ಕೆರೆದು ಸರಿಮಾಡಲು ಆಗುವುದಿಲ್ಲ, ಸಾಫ್ಟ್‌ವೇರೇ ಹೊಂದಿಕೊಳ್ಳಬೇಕು. ಅದು 444ರಲ್ಲಿದ್ದು ನೀವು 440ರಲ್ಲಿದ್ದರೆ ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ವೌವೌ ಅಂತ ಅಲೆಯುತ್ತವೆ. ಫೋನಿನ ಟ್ಯೂನರ್ ಆಪ್‌ನಲ್ಲಿ ಹಾರ್ಮೋನಿಯಂ ಅಳೆದು, ಪ್ಲಗಿನ್ನಿನ ಮಾಸ್ಟರ್ ಟ್ಯೂನ್ ಅಷ್ಟಕ್ಕೇ ಇಡಿ. ಹಾರ್ಮೋನಿಯಂ ಹಿರಿಯರು ‘ಎರಡು ಮನೆ’ ಅಂದರೆ ಡಿ ಸ್ಕೇಲ್, ‘ನಾಲ್ಕು ಮನೆ’ ಅಂದರೆ ಎಫ್ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಕಣ್ಣಲ್ಲೇ ಸನ್ನೆ ಮಾಡುವ ಹೊತ್ತಿಗೆ ಯೋಚಿಸಲು ಸಮಯ ಇರುವುದಿಲ್ಲ.

ಟ್ರಾನ್ಸ್‌ಪೋಸ್ (ಸ್ಕೇಲ್ ಏರಿಸುವುದು, ಇಳಿಸುವುದು) ಒಂದೇ ಕಡೆ ಮಾಡಿ, ಕೀಬೋರ್ಡಿನಲ್ಲೋ ಹೋಸ್ಟಿನಲ್ಲೋ. ಎರಡೂ ಕಡೆ ಮುಟ್ಟಿದರೆ ನೀವು ಒಂದು ಸ್ಕೇಲ್, ಗಿಟಾರ್ ಒಂದು ಸ್ಕೇಲ್. ಕೀಬೋರ್ಡಿನ ಟ್ರಾನ್ಸ್‌ಪೋಸ್ ಲ್ಯಾಪ್‌ಟಾಪಿಗೂ ತಲುಪುತ್ತದಾ ಅಂತ ಮೊದಲೇ ಒತ್ತಿ ನೋಡಿ, ಎಲ್ಲ ಮಾಡೆಲ್‌ಗಳೂ ಕಳಿಸುವುದಿಲ್ಲ.

ರಿವರ್ಬ್ (ಮಾರ್ದನಿ) ಕಟ್ಟಡ ನೋಡಿ ಹಾಕಿ. ಎತ್ತರದ ಚಾವಣಿಯ ಹಳೆಯ ಕಲ್ಲು ಚರ್ಚಿನಲ್ಲಿ ಕಟ್ಟಡವೇ ರಿವರ್ಬ್ ಕೊಡುತ್ತದೆ, ಪ್ಲಗಿನ್ನಿನದು ಪೂರ್ತಿ ಆಫ್ ಮಾಡಿ. ಶೀಟ್ ಹಾಕಿದ ಮಹಡಿ ಹಾಲ್‌ನಲ್ಲಿ ಸ್ವಲ್ಪ ಬೇಕಾಗುತ್ತದೆ. ಶೀಟಿನ ಮೇಲೆ ಮಳೆ ಹೊಡೆಯುವಾಗ ಯಾವ ರಿವರ್ಬೂ ಕೇಳಿಸುವುದಿಲ್ಲ, ಆಗ ಪ್ಯಾಡ್ ಬಿಟ್ಟು ಪಿಯಾನೋ ಗಟ್ಟಿಯಾಗಿ ನುಡಿಸಿ.

ಕೊನೆಗೆ ನಾಲ್ಕೂ ಪ್ಯಾಚ್‌ಗಳ ಜೋರು ಸಮ ಮಾಡಿ. ಒಂದೇ ಹಾಡಿನ ಒಂದೇ ಸಾಲನ್ನು ನಾಲ್ಕರಲ್ಲೂ ನುಡಿಸುತ್ತಾ ಮೀಟರ್ ನೋಡಿ. ಗಟ್ಟಿಯಾಗಿ ನುಡಿಸಿದಾಗ -12 ಡಿಬಿ ಆಸುಪಾಸು ನಿಲ್ಲಲಿ. ಆರ್ಗನ್ ಕಿವಿಗೆ ಜಾಸ್ತಿ ಚುಚ್ಚುತ್ತದೆ, ಅದನ್ನು ಉಳಿದವಕ್ಕಿಂತ ಸ್ವಲ್ಪ ಕೆಳಗೇ ಇಡಿ.

ಮಿಕ್ಸರಿನವರೆಗೆ

ಇಂಟರ್‌ಫೇಸಿನಿಂದ ಪಿ-38 ಪಿನ್ನಿನ (ಗಿಟಾರಿಗೆ ಹಾಕುವ ದಪ್ಪ ಪಿನ್) ವೈರು ಡಿಐ ಬಾಕ್ಸಿಗೆ (ವಾದ್ಯದ ಸದ್ದನ್ನು ಮಿಕ್ಸರಿಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ), ಡಿಐ ಬಾಕ್ಸಿನಿಂದ ಕ್ಯಾನನ್ (ಮೈಕಿಗೆ ಹಾಕುವ ಮೂರು ಪಿನ್ನಿನ) ವೈರು ಮಿಕ್ಸರಿಗೆ. ಡಿಐ ಬಾಕ್ಸ್ ಫ್ಯಾಂಟಮ್‌ನಿಂದಲೇ ಓಡುವಂಥದ್ದಲ್ಲದಿದ್ದರೆ, ಆ ಚಾನೆಲಿನಲ್ಲಿ 48 ವೋಲ್ಟ್ ಫ್ಯಾಂಟಮ್ (ಮೈಕಿಗೆ ವೈರಿನಲ್ಲೇ ಕೊಡುವ ಕರೆಂಟ್) ಆಫ್ ಇರಲಿ ಅಂತ ಸೌಂಡ್ ನೋಡಿಕೊಳ್ಳುವವರಿಗೆ ಹೇಳಿ.

ಒಂದು ಸಲ ಸಂಜೆಯ ಆರಾಧನೆಗೆ ಎಲ್ಲ ಜೋಡಿಸಿದ ಮೇಲೆ ‘ಗುಂಯ್’ ಅಂತ ಸದ್ದು ನಿಲ್ಲಲೇ ಇಲ್ಲ. ವೈರು ಬದಲಿಸಿದೆ, ಚಾನೆಲ್ ಬದಲಿಸಿದೆ, ಫ್ಯಾನಿನ ರೆಗ್ಯುಲೇಟರ್ ಮೇಲೆ ಅನುಮಾನಪಟ್ಟು ಫ್ಯಾನ್ ಆಫ್ ಮಾಡಿಸಿ ಸಭೆಯವರ ಶಾಪವನ್ನೂ ಪಡೆದೆ. ಮಿಕ್ಸರ್ ಮುಂದೆ ಕುಳಿತ ಹುಡುಗ ಅಲ್ಲಿಂದಲೇ ಕೂಗಿದ, “ಅಣ್ಣ, ಚಾರ್ಜರ್ ಕಿತ್ತು ನೋಡಿ.” ಕಿತ್ತೆ. ಗುಂಯ್ ನಿಂತಿತು. ಪಕ್ಕದ ಗೂಡಿನಲ್ಲಿದ್ದ ಗೋಡೆ ಗಡಿಯಾರದ ಟಿಕ್‌ಟಿಕ್ ಆಗ ಕೇಳಿಸಿತು.

ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟ್ ಪಡೆದರೆ ಅರ್ಥಿಂಗ್ ಸುತ್ತು ಹಾಕಿಕೊಂಡು 50 ಹರ್ಟ್ಸ್‌ನ ಗುಂಯ್ ಹುಟ್ಟುತ್ತದೆ. ಡಿಐ ಬಾಕ್ಸಿನ ‘ಗ್ರೌಂಡ್ ಲಿಫ್ಟ್’ ಗುಂಡಿ ಒತ್ತಿ, ಹೆಚ್ಚಿನ ಸಲ ಅಷ್ಟಕ್ಕೇ ಹೋಗುತ್ತದೆ. ಇಲ್ಲವೇ ಆರಾಧನೆಯ ಹೊತ್ತಿಗೆ ಬ್ಯಾಟರಿಯಲ್ಲೇ ಓಡಿಸಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ‘ಉಪಾಯ’ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವ ದಾರಿ ಅದು.

ಕೈಕೊಟ್ಟಾಗ

ಒಂದು ದಿನ ಕೈಕೊಡುತ್ತದೆ. ಅದಕ್ಕೆ ನನ್ನ ಹತ್ತಿರ ಇರುವ ಅತ್ಯುತ್ತಮ ಉಪಾಯ ಬರೀ ಒಂದು ಪಿ-38 ವೈರು. ಕೀಬೋರ್ಡಿನ ಸ್ವಂತ ಔಟ್‌ಪುಟ್ ಅನ್ನು ಮಿಕ್ಸರಿನ ಇನ್ನೊಂದು ಚಾನೆಲಿಗೆ ಹಾಕಿ, ಅಲ್ಲಿ ಮ್ಯೂಟ್ ಮಾಡಿಡಿ. ಕೀಬೋರ್ಡಿನಲ್ಲಿ ಯಾವಾಗಲೂ ಒಂದು ಸಾದಾ ಪಿಯಾನೋ ಆಯ್ಕೆ ಮಾಡಿರಿ. ಲ್ಯಾಪ್‌ಟಾಪ್ ನಿಂತರೆ ನೀವು ನುಡಿಸುತ್ತಲೇ ಇರಿ, ಸೌಂಡಿನವರಿಗೆ ಒಂದು ಸನ್ನೆ, ಅವರು ಒಂದನ್ನು ಮ್ಯೂಟ್ ಮಾಡಿ ಇನ್ನೊಂದನ್ನು ತೆಗೆಯುತ್ತಾರೆ. ಎರಡು ಸಾಲು ಹಾಡುವಷ್ಟರಲ್ಲಿ ಎಲ್ಲ ಸರಿ. ಸನ್ನೆ ಏನು ಅಂತ ಮೊದಲೇ ಮಾತಾಡಿಕೊಳ್ಳಿ. ನಾವು ಕಿವಿ ಮುಟ್ಟಿಕೊಳ್ಳುತ್ತೇವೆ.

ಕೀ ಒತ್ತಿದರೆ ಕೀಬೋರ್ಡೇ ಸದ್ದು ಮಾಡುವ ‘ಲೋಕಲ್ ಕಂಟ್ರೋಲ್’ ಸೆಟ್ಟಿಂಗ್ ಆಫ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಈ ವ್ಯವಸ್ಥೆಯಲ್ಲಿ ಮಾಡಬೇಡಿ, ಮಾಡಿದರೆ ಕೀಬೋರ್ಡಿನ ಸ್ವಂತ ಸದ್ದು ಬರುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಕೀಬೋರ್ಡಿನ ರಿದಮ್ ಬಳಸುವವರಿದ್ದರೆ ಹೋಸ್ಟ್ 1ನೇ ಮಿಡಿ ಚಾನೆಲ್ ಮಾತ್ರ ಕೇಳುವಂತೆ ಮಾಡಿ. ಒಟ್ಟು 16 ಚಾನೆಲ್ ಇವೆ, ಕೆಲವು ಕೀಬೋರ್ಡ್‌ಗಳು ರಿದಮ್ಮಿನ ಸುದ್ದಿಯನ್ನೂ ಬೇರೆ ಚಾನೆಲಿನಲ್ಲಿ ಕಳಿಸುತ್ತವೆ. ಎಲ್ಲವನ್ನೂ ಕೇಳಿಸಿಕೊಂಡ ಹೋಸ್ಟ್ ಡ್ರಮ್ಮಿನ ಏಟನ್ನೆಲ್ಲ ಪಿಯಾನೋದಲ್ಲಿ ಬಾರಿಸುತ್ತದೆ. ಬೆಕ್ಕು ಪಿಯಾನೋ ಮೇಲೆ ಓಡಿದ ಹಾಗಿರುತ್ತದೆ, ತಾಳ ಮಾತ್ರ ಪಕ್ಕಾ.

ಸ್ವರ ಸಿಕ್ಕಿಹಾಕಿಕೊಂಡು ನಿಲ್ಲದೆ ಕೂಗುವುದೂ ಉಂಟು. ಹೋಸ್ಟಿನ ‘ಪ್ಯಾನಿಕ್’ ಆಜ್ಞೆಯನ್ನು ಕೀಬೋರ್ಡಿನ ಒಂದು ಗುಂಡಿಗೆ ಕಟ್ಟಿಡಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ, ಯುಎಸ್‌ಬಿಯಿಂದಲೇ ಓಡುವ ಇಂಟರ್‌ಫೇಸೂ ಬದುಕುತ್ತದೆ. ಗೋಡೆಯ ಕರೆಂಟಿನಲ್ಲಿ ಓಡುವ ಕೀಬೋರ್ಡ್, ಯುಎಸ್‌ಬಿ ಹಬ್ ಮಾತ್ರ ಸಾಯುತ್ತವೆ, ಜನರೇಟರ್ ಬಂದ ಮೇಲೂ ಹೋಸ್ಟಿಗೆ ಕೀಬೋರ್ಡ್ ಕಾಣದೇ ಹೋಗಬಹುದು. ಆದಷ್ಟು ಹಬ್ ಬಿಟ್ಟು ನೇರವಾಗಿ ಹಾಕಿ.

ಶನಿವಾರ, ಭಾನುವಾರ

ಶನಿವಾರ ಅಭ್ಯಾಸದಲ್ಲಿ ಆರಾಧನೆಯ ಕ್ರಮ ಇಟ್ಟುಕೊಂಡು ಹೋಸ್ಟಿನಲ್ಲಿ ಹಾಡಿನ ಸಾಲು ಮಾಡಿ. ಪ್ರತಿ ಹಾಡಿಗೆ ಪ್ಯಾಚ್, ಸ್ಕೇಲ್. ಪ್ರಾರ್ಥನೆ, ವಾಕ್ಯ ಓದುವ ಜಾಗಗಳಲ್ಲಿ ‘ಮೌನ’ ಅಂತ ಖಾಲಿ ಪ್ಯಾಚ್ ಇಡಿ. ಎಲ್ಲ ಪ್ರಾರ್ಥನೆಯ ಕೆಳಗೂ ಪ್ಯಾಡ್ ಹರಿಸುವ ಚಟ ಇತ್ತೀಚೆಗೆ ಜಾಸ್ತಿಯಾಗಿದೆ. ನನಗೆ ಅದು ಹಿಡಿಸುವುದಿಲ್ಲ. ನಿಮ್ಮ ಅಯ್ಯನವರನ್ನು ಕೇಳಿ ತೀರ್ಮಾನಿಸಿ. ಆಮೇಲೆ ಫೈಲನ್ನು ಪೆನ್‌ಡ್ರೈವಿಗೂ ಹಾಕಿ.

ಭಾನುವಾರ 45 ನಿಮಿಷ ಮೊದಲು ಬನ್ನಿ. ಕೀಬೋರ್ಡ್ ಆನ್, ಇಂಟರ್‌ಫೇಸ್ ಜೋಡಣೆ, ಆಮೇಲೆ ಲ್ಯಾಪ್‌ಟಾಪ್, ಕೊನೆಗೆ ಹೋಸ್ಟ್. ಸೌಂಡಿನವರು ಚಾನೆಲ್ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಮುಚ್ಚುವಾಗ ಮೊದಲು ಅವರು ಮ್ಯೂಟ್ ಮಾಡಲಿ. ಇಲ್ಲದಿದ್ದರೆ ವೈರು ಕಿತ್ತಾಗ ಬರುವ ‘ಧಡ್’ ಸದ್ದಿಗೆ ಹಿಂದಿನ ಬೆಂಚಿನ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ.

ನೀವು ಊರಿಗೆ ಹೋದ ಭಾನುವಾರ ಇನ್ನೊಬ್ಬರು ಕೂರಬೇಕಲ್ಲ? ಲ್ಯಾಪ್‌ಟಾಪಿನ ಮುಚ್ಚಳದ ಹಿಂದೆ ಒಂದು ಚೀಟಿ ಅಂಟಿಸಿ. ನಮ್ಮದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ:

ಕೀಬೋರ್ಡ್ ಮೊದಲು, ಲ್ಯಾಪ್‌ಟಾಪ್ ಆಮೇಲೆ.
ಪೆಡಲ್ ಒತ್ತಿಕೊಂಡು ಆನ್ ಮಾಡಬೇಡಿ.
ಬಫರ್ 256. ಮುಟ್ಟಬೇಡಿ.
ಮುಂದಿನ ಹಾಡಿಗೆ ಬಲಗಡೆಯ ಗುಂಡಿ.
ಕೂಗು ನಿಲ್ಲದಿದ್ದರೆ ಕೆಂಪು ಸ್ಟಿಕರಿನ ಗುಂಡಿ.
ಏನೂ ತೋಚದಿದ್ದರೆ ಕಿವಿ ಮುಟ್ಟಿಕೊಳ್ಳಿ, ನುಡಿಸುತ್ತಲೇ ಇರಿ.